ಸೋಮವಾರದ ಒಂದು ಕಿಲೋ

ಅರಳೇಹಾಳದ ಸುತ್ತ ಮುನ್ನೂರು ಹರದಾರಿಯಲ್ಲಿ ತಕ್ಕಡಿ ರಿಪೇರಿಗೆ ನನ್ನನ್ನು ಮೀರಿಸುವವನು ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಹೆಸರು ಕೇಳಿ ಬೇರೆ ಕಸುಬು ಹಿಡಿದಿರುತ್ತಾನೆ. ಮಡಿವಾಳಪ್ಪ ತಕ್ಕಡಿ ಅಂದರೆ ನಾನೇ. ಅಡ್ಡಹೆಸರೂ ತಕ್ಕಡಿ, ಅನ್ನವೂ ತಕ್ಕಡಿ. ಅಂಗೈ ಮೇಲೆ ಕೂತ ಸೊಳ್ಳೆ ರಕ್ತ ಕುಡಿದು ಬಂದಿದೆಯೋ ಉಪವಾಸ ಬಂದಿದೆಯೋ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹತ್ತಿ ಪೇಟೆಯ ನೂರಾ ಹದಿನೆಂಟು ಅಂಗಡಿಗಳ ತಕ್ಕಡಿಗಳು ನನ್ನ ಹೆಜ್ಜೆ ಸಪ್ಪಳ ಕೇಳಿದರೆ ತಾವಾಗಿಯೇ ನೆಟ್ಟಗಾಗುತ್ತಿದ್ದವು. ಅಂಥ ನಾನು ಭೂಮಿಯ ತೂಕವನ್ನೇ ಕಳೆದುಬಿಟ್ಟೆ. ಇಲ್ಲಿಯವರೆಗೆ ಹೇಳಿದ್ದರಲ್ಲಿ ಬೇಕಾದಷ್ಟು ಸೋಡಿ, ಅಂದರೆ ರಿಯಾಯಿತಿ, ಬಿಟ್ಟುಕೊಳ್ಳಿ. ಈ ಕೊನೆಯ ಮಾತಿನಲ್ಲಿ ಮಾತ್ರ ಬಿಡಬೇಡಿ.

ಹನ್ನೊಂದು ವರ್ಷದ ಹಿಂದೆ ನಮ್ಮೂರಿನ ಮುಚ್ಚಿದ ಹತ್ತಿ ಗಿರಣಿಯ ಜಾಗದಲ್ಲಿ ಒಂದು ವಿದ್ಯುತ್ ಕೇಂದ್ರ ಬಂತು. ಕಲ್ಲಿದ್ದಲು ಬೇಡ, ನೀರು ಬೇಡ, ಗಾಳಿ ಬೇಡ, ಬಿಸಿಲೂ ಬೇಡ. ಖಾಲಿ ಜಾಗದಿಂದ ಕರೆಂಟು ತೆಗೆಯುತ್ತಾರಂತೆ ಎಂದು ಸುದ್ದಿಯಾಯಿತು. ಕೇಂದ್ರದ ಮುಖ್ಯ ಎಂಜಿನಿಯರು ವಾರಿಜಾ ಸಂಶಿ ಎಂಬ ಧಾರವಾಡದ ಹೆಣ್ಣುಮಗಳು. ಪ್ರಾರಂಭದ ದಿನ ಪೇಟೆಯವರನ್ನೆಲ್ಲ ಕೂಡಿಸಿ ತಾವೇ ತಿಳಿಸಿ ಹೇಳಿದರು.

"ನೀವು ಖಾಲಿ ಅಂತೀರಲ್ಲ, ಅದು ಖಾಲಿ ಇಲ್ರಿ. ಅದರಾಗ ಈಥರ್ ಅಂತ ಒಂದದ. ಹಿಂದಿನ ವಿಜ್ಞಾನಿಗಳು ಅದು ಇಲ್ಲೇ ಇಲ್ಲ ಅಂತ ಹೇಳಿ ಕದಾ ಹಾಕಿಬಿಟ್ಟಿದ್ರು. ಹೊಳಿ ಕಡಲಿಗೆ ಹರದ್ಹಂಗ ಅದು ಎಲ್ಲಾ ಕಡಿಂದ ಭೂಮಿ ಒಳಗ ಹರೀತದ. ಹರಿಯೋವಾಗ ನಮ್ಮನ್ನೂ ಕೆಳಗ ದಬ್ಬತದ. ಆ ದಬ್ಬೋದಕ್ಕ ನಾವು ತೂಕ ಅಂತೀವಿ. ಆ ಹರಿವಿನಾಗ ನಾವೊಂದು ಚಕ್ರ ಇಡತೀವಿ. ತಿರುಗ್ತದ, ಕರೆಂಟ್ ಬರ್ತದ. ಇಷ್ಟ ಮಾತು."

ಹಮಾಲರ ಮುಖಂಡ ಇಮಾಮಸಾಬ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಎದ್ದು ನಿಂತ. "ಮೇಡಂ, ಚಕ್ರಕ್ಕ ಬಡದ ಮ್ಯಾಲೆ ಹೊಳಿ ನೀರು ಸಪ್ಪಗ ಹರೀತೈತಿ. ಹಂಗ ತೂಕನೂ ಸಪ್ಪಗ ಆದರ?"

"ಅದಕ್ಕಂತ ಒಂದು ತಕ್ಕಡಿ ಇಟ್ಟೀವಲ್ಲ," ಎಂದರು ಮೇಡಂ.

ಇಡೀ ಪೇಟೆ ನನ್ನ ಕಡೆ ತಿರುಗಿ ನೋಡಿತು. ನಾನು ಮೀಸೆ ತಿರುವಿದೆ. ಆ ಗಳಿಗೆಯಲ್ಲಿ ನನ್ನ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಮೂರು ಗುಂಡಿ ಹಾರಿ ಒಂದು ಹೋಗಿ ಅಡತಿ ವ್ಯಾಪಾರಿಯೊಬ್ಬರ ಚಹದ ಬಸಿಯಲ್ಲಿ ಬಿತ್ತು.

ನಿಯಂತ್ರಣ ಕೋಣೆಯ ನಡುವೆ ದಪ್ಪ ಗಾಜಿನ ಪೆಟ್ಟಿಗೆ. ಅದರೊಳಗೆ ಒಂದು ಸ್ಪ್ರಿಂಗ್ ತಕ್ಕಡಿ. ಅದರ ಮೇಲೆ ಸದಾ ಕೂತೇ ಇರುವ ಒಂದು ಕಿಲೋದ ಹಿತ್ತಾಳೆ ಕಲ್ಲು. ತೂಕ ಇಳಿದರೆ ಕಲ್ಲು ಸ್ಪ್ರಿಂಗನ್ನು ಅಷ್ಟು ಒತ್ತುವುದಿಲ್ಲ, ಮುಳ್ಳು ಕೆಳಗೆ ಬರುತ್ತದೆ. ಒಂಬೈನೂರಾ ತೊಂಬತ್ತು ಗ್ರಾಂ ದಾಟಿ ಇಳಿದರೆ ಒಂದು ತಂತಿಯ ಸಂಪರ್ಕ ತಪ್ಪಿ ಚಕ್ರ ನಿಲ್ಲುತ್ತದೆ. ಕೈಯಿಂದ ನಿಲ್ಲಿಸುವ ಹಿಡಿಕೆ ಅಲ್ಲಿರಲಿಲ್ಲ. ಜನ ಸಿಟ್ಟಿಗೆದ್ದು ನಿಲ್ಲಿಸಿಬಿಟ್ಟಾರೆಂದು ರಾಜಧಾನಿಯ ಮುಖ್ಯ ಕಚೇರಿಯವರು ಇಟ್ಟಿರಲಿಲ್ಲ. ಕೇಂದ್ರದವರು ಮೋಸ ಮಾಡಬಾರದೆಂದು ಪೆಟ್ಟಿಗೆಯ ಕೀಲಿಯನ್ನು ಹೊರಗಿನ ಒಬ್ಬನಿಗೆ ಕೊಟ್ಟರು. ಆ ಒಬ್ಬ ನಾನು. ಕರಾರು ಪತ್ರದಲ್ಲಿ ಹೀಗಿತ್ತು: ತಕ್ಕಡಿಯನ್ನು ಪ್ರತಿ ಸೋಮವಾರ ಪರೀಕ್ಷಿಸಿ ಸರಿಪಡಿಸತಕ್ಕದ್ದು.

ನಾನು ಸರಿಪಡಿಸಿದೆ.

ಮೊದಲ ತಿಂಗಳ ಕೊನೆಗೆ ಮುಳ್ಳು ಒಂಬೈನೂರಾ ತೊಂಬತ್ತಾರರಲ್ಲಿ ನಿಂತಿತ್ತು. ಇಲ್ಲಿ ನೀವು ನನ್ನ ಕಸುಬನ್ನು ಅರ್ಥಮಾಡಿಕೊಳ್ಳಬೇಕು. ಕಲ್ಲು ಖರೆ, ತಕ್ಕಡಿ ಸುಳ್ಳು, ಇದು ನಮ್ಮ ಕಸುಬಿನ ಮೊದಲ ಪಾಠ. ನಮ್ಮಪ್ಪ ಮೂಗು ಹಿಂಡಿ ಕಲಿಸಿದ್ದು. ತಕ್ಕಡಿ ಸರಿಯಾಗಿದೆ, ಭೂಮಿ ತಪ್ಪಾಗಿದೆ ಎಂದು ಯೋಚಿಸುವ ರಿಪೇರಿಯವನು ಎಲ್ಲಾದರೂ ಇದ್ದಾನೆಯೇ? ಸ್ಕ್ರೂ ಕಾಲು ಸುತ್ತು ತಿರುವಿದೆ. ಮುಳ್ಳು ಒಂದು ಕಿಲೋಕ್ಕೆ ಬಂತು. ಚೀಟಿಯ ಮೇಲೆ ಸಹಿ ಹಾಕಿದೆ.

ಒಂದು ಸಣ್ಣ ಅನುಮಾನ ಬರಬೇಕಾಗಿತ್ತು. ಬಂತು ಕೂಡ. ಸ್ಪ್ರಿಂಗು ಹಳತಾದರೆ ಸಡಿಲಾಗುತ್ತದೆ, ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಇದು ಕಡಿಮೆ ತೋರಿಸುತ್ತಿತ್ತು. ಅಂದರೆ ದಿನದಿನಕ್ಕೆ ಬಿಗಿಯಾಗುತ್ತಿತ್ತು, ಹರೆಯಕ್ಕೆ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಸಾವಿರಾರು ಸ್ಪ್ರಿಂಗು ಕಂಡವನು ನಾನು, ಒಂದೂ ಹಾಗೆ ಮಾಡಿರಲಿಲ್ಲ. ಚಹದ ಅಂಗಡಿಯಲ್ಲಿ ಕೂತು ನಾನು ಹೇಳಿದ್ದೇನು ಗೊತ್ತೇ? ನನ್ನ ಕೈ ತಾಗಿದರೆ ಸ್ಪ್ರಿಂಗಿಗೂ ಹರೆಯ ಬರುತ್ತದೆ ಎಂದೆ. ಎಲ್ಲರೂ ನಕ್ಕರು, ನನಗೂ ಸಂತೋಷವಾಯಿತು.

ಆ ದಿನಗಳ ಸುಖ ಏನು ಹೇಳಲಿ. ಎರಡು ವರ್ಷದಲ್ಲಿ ಇಮಾಮಸಾಬ ಹೆಗಲಿಗೊಂದರಂತೆ ಹತ್ತಿಯ ಎರಡು ಅಂಡಿಗೆ ಹೊತ್ತು, ಬಾಯಲ್ಲಿ ಬೀಡಿ ಇಟ್ಟುಕೊಂಡು ಓಡುತ್ತಿದ್ದ. ಮೊಣಕಾಲು ನೋವಿನಿಂದ ಹತ್ತು ವರ್ಷ ಹೊಸ್ತಿಲು ದಾಟದ ನನ್ನ ತಾಯಿ ಕಲ್ಲವ್ವ ಒಂದು ಮುಂಜಾನೆ ಅಟ್ಟ ಹತ್ತಿ ಉಪ್ಪಿನಕಾಯಿ ಭರಣಿ ಇಳಿಸಿಕೊಂಡು ಬಂದಳು. ಬಿದ್ದ ಮಕ್ಕಳಿಗೆ ತರಚುತ್ತಿರಲಿಲ್ಲ. ಜಗಳದಲ್ಲಿ ಎಸೆದ ಚೊಂಬು ತಲೆಗೆ ತಾಗುವುದರೊಳಗೆ ಗಂಡಂದಿರು ಕ್ಷಮೆ ಕೇಳಿ ಮುಗಿಸುತ್ತಿದ್ದರು. ಮನೆ ಮನೆಗೆ ಪುಕ್ಕಟೆ ಕರೆಂಟು. ಅರ್ಧ ರಾಜ್ಯಕ್ಕೆ ನಮ್ಮೂರ ಬೆಳಕು. ಮೈ ಹಗುರಾಗಿದೆ ಎಂದು ಯಾರಾದರೂ ಅಂದರೆ ಅದು ಸುಖದಿಂದ ಎಂದುಕೊಂಡೆವು.

ಎರಡನೆಯ ವರ್ಷವೇ ನನಗೆ ಮಗಳು ಹುಟ್ಟಿದಳು. ಹೆಂಡತಿ ಪಾರವ್ವ ಹೆರಿಗೆಯಲ್ಲಿ ಹೆಚ್ಚು ನರಳಲೂ ಇಲ್ಲ. ಮಗಳಿಗೆ ನನ್ನ ತಾಯಿಯ ಹೆಸರನ್ನೇ ಇಟ್ಟು ಕಲ್ಲಿ ಎಂದು ಕರೆದೆವು. ಆರು ತಿಂಗಳಿಗೇ ನಿಂತಳು. ನನ್ನ ಮಗಳಲ್ಲವೇ, ಎಂಟನೆಯ ತಿಂಗಳಿಗೆ ಓಡಿದಳು, ಒಂಬತ್ತಕ್ಕೆ ಕಿಡಕಿಯಿಂದ ಜಿಗಿದಳು.

ನಾಲ್ಕನೆಯ ವರ್ಷ ವಾರಿಜಾ ಮೇಡಂ ತಮ್ಮನ ಮದುವೆಗೆಂದು ಹತ್ತು ದಿನ ಧಾರವಾಡಕ್ಕೆ ಹೋದರು. ಕೇಂದ್ರ ಶುರುವಾದ ಮೇಲೆ ಅವರು ಊರು ಬಿಟ್ಟದ್ದು ಅದೇ ಮೊದಲು. ಮೂರನೆಯ ದಿನವೇ ತಿರುಗಿ ಬಂದು ನನ್ನನ್ನು ನಿಯಂತ್ರಣ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಒಂದು ಹೊಸ ಸ್ಪ್ರಿಂಗ್ ತಕ್ಕಡಿ ಇತ್ತು, ಧಾರವಾಡದ ಅಂಗಡಿಯದು, ಮುದ್ರೆ ಒಡೆಯದ್ದು.

"ಮದಿವಿ ಮನಿ ಮೆಟ್ಟಲಾ ಹತ್ತಲಿಕ್ಕಾಗದ ನಡುವ ಕೂತುಬಿಟ್ಟೆ, ಮಡಿವಾಳಪ್ಪ. ಎಲ್ಲಾರೂ ಇಕಿಗೆ ಏನೋ ಬ್ಯಾನಿ ಅದ ಅಂದ್ರು. ಪೆಟ್ಟಿಗಿ ತಗೀರಿ."

ತೆಗೆದೆ. ಹಿತ್ತಾಳೆ ಕಲ್ಲನ್ನು ಎತ್ತಿ ಹೊಸ ತಕ್ಕಡಿಯ ಮೇಲಿಟ್ಟು, ಮುಳ್ಳು ನಿಲ್ಲುವುದನ್ನು ನೋಡಿದರು. ಆರುನೂರಾ ಹತ್ತು. ಆಮೇಲೆ ಅದೇ ಕಲ್ಲನ್ನು ನನ್ನ ತಕ್ಕಡಿಯ ಮೇಲೆ ಮರಳಿ ಇಟ್ಟರು. ಸಾವಿರ. ಅಷ್ಟು ಹೊತ್ತಿನಲ್ಲಿ ಹೊರಗೆ ಚಕ್ರ ಗೊರ್ ಎಂದು ನಿಧಾನವಾಗಿ, ಪೂರಾ ನಿಲ್ಲುವ ಮೊದಲೇ ಮತ್ತೆ ವೇಗ ಹಿಡಿಯಿತು.

"ಎರಡರಾಗ ಯಾವುದು ಖರೆ?"

"ನೋಡಾಕ ಎರಡೂ ಖರೇನ ಅದಾವ್ರಿ."

"ಮಡಿವಾಳಪ್ಪ."

"ನಂದು ಸುಳ್ರಿ."

ಆ ಮಾತು ನನ್ನ ಬಾಯಿಂದ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ.

"ಎಷ್ಟು ಸಲ ತಿರುವೀರಿ ಆ ಸ್ಕ್ರೂ?"

"ವಾರಕ್ಕೊಮ್ಮಿ. ನಾಕು ವರ್ಷ ಆತು."

"ಯಾಕ?"

"ಸರಿ ಮಾಡಾಕ್ರಿ."

ಅವರು ಕುರ್ಚಿಯ ಮೇಲೆ ಕೂತರು. ಕೂತದ್ದೂ ನಿಧಾನ, ನಮ್ಮೂರಿನಲ್ಲಿ ಆಗ ಎಲ್ಲವೂ ಕಾಗದ ಬಿದ್ದಂತೆ ಬೀಳುತ್ತಿತ್ತು. ಮುಖ್ಯ ಕಚೇರಿಗೆ ಬರೆದರು. ಎಂಟು ದಿನದಲ್ಲಿ ಉತ್ತರ ಬಂತು: ಅಧಿಕೃತ ತಕ್ಕಡಿಯು ಸತತವಾಗಿ ಒಂದು ಕಿಲೋ ತೋರಿಸುತ್ತಿರುವುದರಿಂದ ತಮ್ಮ ದೂರಿಗೆ ಆಧಾರವಿಲ್ಲ. ಜೊತೆಗೆ ನನ್ನ ಸಹಿ ಇದ್ದ ಇನ್ನೂರು ಚೀಟಿಗಳ ನಕಲು. ಒಂದೊಂದು ಸಹಿಯೂ ಎಷ್ಟು ಚೆಂದ ಇತ್ತೆಂದರೆ, ಅದನ್ನು ನೋಡಿ ನನಗೇ ಹೇಸಿಗೆಯಾಯಿತು.

"ಸೋಮವಾರ ಬಂದು ಸ್ಕ್ರೂ ಹಿಂದಕ್ಕ ತಿರುವ್ರಿ," ಎಂದರು ಮೇಡಂ. "ಮುಳ್ಳು ಖರೆ ತೋರಿಸಿದ ಕೂಡಲೇ ಚಕ್ರ ನಿಲ್ತದ. ನೀವು ಸಹಿ ಮಾಡದ ಅವರು ಮತ್ತ ತಿರುಗಿಸೋ ಹಂಗಿಲ್ಲ, ಕರಾರಿನಾಗ ಅದ. ಒಂಬತ್ತು ದಿನದಾಗ ತೂಕ ಪೂರಾ ಬರ್ತದ."

"ಸ್ವಲ್ಪ ಸ್ವಲ್ಪ ತರಾಕ ಆಗೂದಿಲ್ಲೇನ್ರಿ? ವರ್ಷಕ್ಕ ಇಷ್ಟು ಅಂತ?"

"ಆಗೋದಿಲ್ಲ. ಈ ಚಕ್ರಕ್ಕ ಅರ್ಧಾ ಅನ್ನೋದು ಗೊತ್ತಿಲ್ಲ. ತಿರುಗಿದ್ರ ತಿರುಗ್ತದ, ನಿಂತ್ರ ತೂಕ ಪೂರಾ ಬರೋತನಕ ಮತ್ತ ತಿರುಗೋದಿಲ್ಲ."

ನನ್ನ ಎದುರಿಗೆ ಕಲ್ಲಿ ಬಂದು ನಿಂತಂತಾಯಿತು. ಹಗುರಿನಲ್ಲೇ ಹುಟ್ಟಿದವಳು; ತೂಕ ಎಂದರೆ ಏನೆಂದು ಅವಳ ಮೈಗೆ ಗೊತ್ತೇ ಇರಲಿಲ್ಲ.

ಹಗುರಿಗೆ ಒಂದು ಅಂಚಿತ್ತು, ಹೊಳೆಯ ಸುಳಿಗೆ ಇರುವಂಥದು. ಆಗ ಅದು ಊರಾಚೆ ರೈಲ್ವೆ ಗೇಟಿನ ಹತ್ತಿರ ಇತ್ತು. ಗೇಟಿನ ಈಚೆ ಹಗುರು, ಆಚೆ ಭಾರ; ನಡುವೆ ಒಂದು ಮಾರು ಅಂತರ. ಮಗುವಿನ ಮೈ ಭಾರ ತಡೆಯುವುದೋ ನೋಡಲೆಂದು ಭಾನುವಾರ ನಾನೂ ಪಾರವ್ವನೂ ಅವಳನ್ನು ಟಂಟಂನಲ್ಲಿ ಕೂರಿಸಿಕೊಂಡು ಗೇಟು ದಾಟಿದೆವು. ನನಗೆ ಯಾರೋ ಎರಡೂ ಹೆಗಲ ಮೇಲೆ ಹತ್ತಿ ಕೂತಂತಾಯಿತು. ಎರಡು ವರ್ಷದ ಕಲ್ಲಿ ಒಮ್ಮೆ ಬಾಯಿ ತೆರೆದಳು, ಉಸಿರು ಒಳಗೆ ಹೋಗಲಿಲ್ಲ. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಪಾರವ್ವ ಅವಳ ಮುಂಗೈ ಹಿಡಿದು ಎತ್ತಿಕೊಂಡು ಹಿಂದಕ್ಕೆ ಓಡಿದಳು. ಓಡುವಾಗಲೇ ಹಪ್ಪಳ ಮುರಿದಂಥ ಒಂದು ಸಪ್ಪಳ ಕೇಳಿತು.

ಆಸ್ಪತ್ರೆಯ ಡಾಕ್ಟರಮ್ಮ ಮುಂಗೈಗೆ ಪಟ್ಟಿ ಕಟ್ಟುತ್ತ, ಊರಲ್ಲಿ ಹೀಗೆ ಹಗುರಿನೊಳಗೆ ಹುಟ್ಟಿದವರು ಇನ್ನೂರಾ ನಾಲ್ಕು ಮಕ್ಕಳಿದ್ದಾರೆ ಎಂದರು. ಅವರ ಎಲುಬೂ ಹೀಗೆಯೇ, ಹೃದಯವೂ ಹೀಗೆಯೇ. "ಇವರು ಹೊರಗ ಬದುಕೂದಿಲ್ಲ. ಹೊರಗಿನ ಭಾರ ಇಲ್ಲಿಗೆ ಬಂದರೂ ಬದುಕೂದಿಲ್ಲ," ಎಂದರು.

ಮರುದಿನ ಸೋಮವಾರ. ವಾರಿಜಾ ಮೇಡಂ ಕೋಣೆಯಲ್ಲಿ ನಿಂತಿದ್ದರು. ನಾನು ಪೆಟ್ಟಿಗೆ ತೆಗೆದೆ, ಸ್ಕ್ರೂ ಹಿಡಿದೆ. ಅದಕ್ಕೆ ಎರಡು ದಿಕ್ಕು. ಮುಂದಕ್ಕೆ ತಿರುವಿದೆ. ಮುಳ್ಳು ಒಂದು ಕಿಲೋಕ್ಕೆ ಬಂತು. ಮೇಡಂ ಚೀಟಿ ಮುಂದಿಟ್ಟರು, ಮುಖ ಮಾತ್ರ ಕಿಡಕಿಯ ಕಡೆಗಿತ್ತು. ಅದಾದ ಮೇಲೆ ಅವರು ಎಂದೂ ಕೇಳಲಿಲ್ಲ, ಎಂದೂ ಊರು ಬಿಟ್ಟು ಹೋಗಲೂ ಇಲ್ಲ. ಪ್ರತಿ ಸೋಮವಾರ ಬಾಗಿಲು ತೆಗೆದು ನಿಲ್ಲುತ್ತಾರೆ.

ಅಲ್ಲಿಯವರೆಗೆ ನನ್ನದು ತಪ್ಪು. ಅಲ್ಲಿಂದಾಚೆಗಿನದಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ.

ಸುಖ ಹೇಗೆ ಮೆಲ್ಲಗೆ ಬಂತೋ ಹಾಗೆಯೇ ಮೆಲ್ಲಗೆ ಹೋಯಿತು. ಹತ್ತಿ ಪೇಟೆಯಲ್ಲಿ ಎದ್ದ ಅರಳೆಯ ಧೂಳು ನೆಲಕ್ಕೆ ಇಳಿಯದೆ ಗಾಳಿಯಲ್ಲೇ ನಿಂತಿತು; ಹಮಾಲರು ಅದನ್ನೇ ಉಸಿರಾಡಿ ಕೆಮ್ಮತೊಡಗಿದರು. ಬಿಸಿ ಗಾಳಿ ಮೇಲೇರುವುದೂ ತೂಕದ ಆಟವೇ ಅಂತೆ. ತೂಕ ಹೋದಂತೆ ಒಲೆಯ ಉರಿ ನಾಲಿಗೆ ಚಾಚದೆ ನಿಂಬೆಹಣ್ಣಿನ ಹಾಗೆ ಗುಂಡಗಾಗಿ, ತನ್ನ ಹೊಗೆಯಲ್ಲಿ ತಾನೇ ಉಸಿರುಗಟ್ಟಿ ಆರುತ್ತಿತ್ತು. ಹೊಗೆ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಮಳೆ ಬೀಳುವುದನ್ನು ಬಿಟ್ಟಿತು. ಹನಿಗಳು ನೆಲ್ಲಿಕಾಯಿಯಷ್ಟು ದಪ್ಪಗೆ ಬೆಳೆದು, ದಾರಿ ತಪ್ಪಿದವರ ಹಾಗೆ ಓಣಿಯಲ್ಲಿ ತೇಲಾಡಿ ಗೋಡೆಗೆ ಅಂಟಿಕೊಳ್ಳುತ್ತಿದ್ದವು.

ಏಳನೆಯ ವರ್ಷ ಇಮಾಮಸಾಬನ ಹೆಂಡತಿ ಹುಸೇನಬಿ ಅಡುಗೆಮನೆಯಲ್ಲೇ ತೀರಿಕೊಂಡಳು. ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದವಳು ಏಳಲಿಲ್ಲ. ನಲವತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಮಡಿವಾಳ, ಆ ಪೆಟ್ಟಿಗಿ ಕೀಲಿ ನಿನ್ನ ಉಡದಾರದಾಗ ಐತಿ. ಊರಿಗೆಲ್ಲಾ ಗೊತ್ತೈತಿ."

"ಇದ್ದೀತು."

"ನೀ ಆ ಸ್ಕ್ರೂ ಎತ್ತಾಗ ತಿರುವತಿ ಅನ್ನೂದೂ ಗೊತ್ತೈತಿ. ಹಮಾಲ ಅದೀನಿ, ಹೆಗಲಿಗೆ ಗೊತ್ತಾಗದ ಇರತೈತೇನು? ನಾ ಇವತ್ತು ಏನು ಕೇಳಾಕ ಬಂದೀನಂದ್ರ..."

ಅಷ್ಟರಲ್ಲಿ ಐದು ವರ್ಷದ ಕಲ್ಲಿ ಒಳಬಾಗಿಲಿಂದ ಒಂದೇ ಜಿಗಿತಕ್ಕೆ ಬಂದು ಅವನ ತೊಡೆಯ ಮೇಲೆ ಇಳಿದಳು. "ಸಾಬಜ್ಜಾ, ನಿನ್ನ ಗಡ್ಡದಾಗ ಅರಳಿ ಕುಂತಾವ. ಮುದುಕ ಆಗಿ."

"ಮುದುಕ ನಿಮ್ಮಪ್ಪ," ಎಂದ ಇಮಾಮಸಾಬ. ಅವಳು ಗಡ್ಡದಿಂದ ಅರಳೆ ಹೆಕ್ಕುವಾಗ ಅಲ್ಲಾಡದೆ ಕೂತ. ಎಲ್ಲ ಹೆಕ್ಕಿ ಮುಗಿದ ಮೇಲೆ ಅವಳನ್ನು ಎರಡು ಬೆರಳಿನಿಂದ ಎತ್ತಿ ಕೆಳಗಿಟ್ಟು ಎದ್ದ.

"ಏನೋ ಕೇಳಾಕ ಬಂದಿದ್ದಿ."

"ಏನಿಲ್ಲ. ತಕ್ಕಡಿ ರಿಪೇರಿಗೆ ತಂದಿದ್ದೆ."

"ತಕ್ಕಡಿ ಎಲ್ಲೈತಿ?"

"ಮರ್ತು ಬಂದೀನಿ," ಎಂದು ಹೋದ.

ಅವನು ಆ ದಿನ ಕೇಳಿಬಿಟ್ಟಿದ್ದರೆ ನಾನು ಒಪ್ಪುತ್ತಿದ್ದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ನನ್ನ ಬಡಾಯಿಯೇ ಇರಬೇಕು.

ಈಗ ಹನ್ನೊಂದನೆಯ ವರ್ಷ. ಧಾರವಾಡದ ಆ ತಕ್ಕಡಿಯ ಮೇಲೆ ಹಿತ್ತಾಳೆ ಕಲ್ಲು ತೊಂಬತ್ತು ಗ್ರಾಂ ತೂಗುತ್ತದೆ. ನನ್ನದರ ಮೇಲೆ ಒಂದು ಕಿಲೋ. ಸ್ಕ್ರೂ ಮುಗಿದು ಹೋದಾಗಲೆಲ್ಲ ನಾನು ಇನ್ನೂ ಮೆತ್ತಗಿನ ಸ್ಪ್ರಿಂಗು ಸುತ್ತಿ ಹಾಕಿದ್ದೇನೆ. ಈಗ ಹಾಕಿರುವುದು ಎಷ್ಟು ಮೆತ್ತಗಿದೆಯೆಂದರೆ ಪಕ್ಕದಲ್ಲಿ ನಿಟ್ಟುಸಿರು ಬಿಟ್ಟರೆ ಮುಳ್ಳು ನಡುಗುತ್ತದೆ. ಅಂಥದ್ದನ್ನು ಸುತ್ತುವ ಕೈ ಲೋಕದಲ್ಲಿ ಇನ್ನೊಂದಿಲ್ಲ. ಹಗುರಿನ ಅಂಚು ವರ್ಷಕ್ಕೆ ಮೂವತ್ತು ಮೈಲಿ ಮುಂದೆ ಹೋಗುತ್ತಿದೆ. ಅದು ದಾಟಿದ ಊರಲ್ಲೆಲ್ಲ ಮಕ್ಕಳು ಹುಟ್ಟುತ್ತಿದ್ದಾರೆ. ಇನ್ನೂರಾ ನಾಲ್ಕು ಇದ್ದದ್ದು ನಲವತ್ತು ಸಾವಿರ ಆಗಿದೆಯಂತೆ. ಪ್ರತಿ ಸೋಮವಾರ ನನ್ನ ಮಗಳ ಹಿಂದೆ ಇನ್ನೂ ಇನ್ನೂರು ಕೂಸುಗಳು ಬಂದು ನಿಲ್ಲುತ್ತವೆ. ಒಂದು ಮುಂಜಾನೆ ನಿಮ್ಮ ಮೊಣಕಾಲಿನ ನೋವು ಇದ್ದಕ್ಕಿದ್ದಂತೆ ಮಾಯವಾದರೆ ನನ್ನನ್ನು ನೆನೆಯಿರಿ.

ಹೀಗೇ ಬಿಟ್ಟರೆ ಕಲ್ಲಿ ಉಳಿಯುತ್ತಾಳೆಯೇ? ಅದೂ ಇಲ್ಲ. ಗಾಳಿಯನ್ನು ನೆಲಕ್ಕೆ ಹಿಡಿದಿರುವುದೂ ತೂಕವೇ. ಆ ಗಾಳಿ ತೆಳುವಾಗುತ್ತಿದೆ. ಒಂಬತ್ತು ವರ್ಷದ ಹುಡುಗಿ ಸಂಜೆಯ ಹೊತ್ತಿಗೆ ಏದುಸಿರು ಬಿಡುತ್ತಾಳೆ. ಇನ್ನು ಎರಡು ವರ್ಷ ಎಂದು ಮೇಡಂ ಲೆಕ್ಕ ಹಾಕಿದ್ದಾರೆ. ಚಕ್ರ ನಿಂತರೆ ಒಂಬತ್ತು ದಿನ, ತಿರುಗಿದರೆ ಎರಡು ವರ್ಷ. ಪಾರವ್ವನಿಗೆ ಎರಡೂ ಗೊತ್ತು. ಸೋಮವಾರ ಮುಂಜಾನೆ ಅವಳು ನನ್ನ ಚಹ ಇಟ್ಟು, ನಾನು ಹೋಗಿ ಬರುವವರೆಗೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ನಾನು ಬಂದು "ಆತು" ಎಂದರೆ ಏಳುತ್ತಾಳೆ.

ಮೊನ್ನೆ ಸೋಮವಾರ ಕಲ್ಲಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಕರೆದುಕೊಂಡು ಹೋದೆ. ನಿಯಂತ್ರಣ ಕೋಣೆಯಲ್ಲಿ ಪೆಟ್ಟಿಗೆಗೆ ಮೂಗು ಒತ್ತಿ, ನಾನು ಸ್ಕ್ರೂ ಹಿಡಿಯುವುದನ್ನು ನೋಡಿದಳು.

"ಅಪ್ಪಾ, ಇದನ್ನ ತಿರುವದ ಬಿಟ್ಟರ ಏನಾಕ್ಕೈತಿ?"

ವಾರಿಜಾ ಮೇಡಂ ಬಾಗಿಲಲ್ಲಿ ನಿಂತಲ್ಲಿಂದಲೇ ಹೇಳಿದರು: "ಚಕ್ರ ನಿಲ್ತದ."

"ನಿಂತರ?"

"ಮಳಿ ಮೊದಲಿನ್ಹಂಗ ನೆಲಕ್ಕ ಬೀಳ್ತದ."

ಕಲ್ಲಿ ತಿರುಗಿ ನನ್ನ ಅಂಗಿ ಜಗ್ಗಿದಳು. "ಸಾಬಜ್ಜ ಹೇಳ್ಯಾನ. ತಗಡಿನ ಮ್ಯಾಲೆ ಮಳಿ ಬಡದರ ಒಬ್ಬರ ಮಾತು ಒಬ್ಬರಿಗೆ ಕೇಳತಿದ್ದಿಲ್ಲಂತ. ನಾ ಅದನ್ನ ಕೇಳಬೇಕು. ಬಿಡು ಅಪ್ಪಾ, ಒಂದ ಸಲ."

"ಒಂದ ಸಲಾನ ಆಕ್ಕೈತಿ, ಕಲ್ಲಿ."

ಅವಳು ನನ್ನ ಅಂಗಿ ಬಿಟ್ಟಳು. "ನನಗ ಭಾರ ಆಕ್ಕೈತೇನು?"

"ಹೂಂ."

"ಎಷ್ಟು?"

ಸೊಳ್ಳೆಯ ತೂಕ ಹೇಳುವವನು ನಾನು. ಇದನ್ನೂ ಹೇಳಿದೆ. "ಈಗಿನ ಹನ್ನೊಂದು ಪಟ್ಟು."

ಹತ್ತು ಬೆರಳು ಮಡಚಿ ಎಣಿಸಿದಳು. ಹನ್ನೊಂದನೆಯದಕ್ಕೆ ಬೆರಳು ಸಿಗದೆ ನನ್ನ ಕಿರುಬೆರಳು ಹಿಡಿದುಕೊಂಡಳು. ತನ್ನ ಮುಂಗೈಯ ಸೊಟ್ಟ ಎಲುಬನ್ನು ಒಮ್ಮೆ ನೋಡಿದಳು.

"ಹಂಗಾದರ ಈ ಸೋಮವಾರ ಬ್ಯಾಡ," ಎಂದಳು. "ಮುಂದಿನ ಸೋಮವಾರ ನೋಡೂಣು."

ಮೇಡಂ ಹೊರಗೆ ಹೋದರು. ನಾನು ಮುಂದಕ್ಕೆ ತಿರುವಿದೆ. ಮುಳ್ಳು ಒಂದು ಕಿಲೋಕ್ಕೆ ಬಂದು ನಿಂತಿತು, ಚೀಟಿಗೆ ಸಹಿ ಹಾಕಿದೆ.

ಬರುವಾಗ ಅವಳಿಗೆ ದಣಿವಾಗಿತ್ತು, ಹೆಗಲ ಮೇಲೆ ಕೂರಿಸಿಕೊಂಡೆ. ಕೂತದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಕೈ ಎತ್ತಿ ಅವಳ ಪಾದ ಮುಟ್ಟಿ ನೋಡುತ್ತ ನಡೆದೆ. ಮನೆಯವರೆಗೂ ಇದ್ದಳು.